ತಿರುಪು ಗಟ್ಟಿಯಾಗಿದೆ, ನೋವು ಉಳಿದಿದೆ

ಬೆನ್ನುಮೂಳೆಯಲ್ಲಿ ಟೈಟಾನಿಯಂ ತಿರುಪುಗಳನ್ನೂ ಸರಳುಗಳನ್ನೂ ಹೊತ್ತು ಬದುಕುತ್ತಿರುವ ನಮ್ಮಂಥವರಿಗೆ ಆಗಾಗ ಕೇಳಿಬರುವ ಒಂದು ಶುಭವಾರ್ತೆಯಿದೆ. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ವೈದ್ಯರು ಹೇಳುತ್ತಾರೆ: ಎಲ್ಲವೂ ಇದ್ದಲ್ಲೇ ಇದೆ, ಒಂದು ತಿರುಪೂ ಸಡಿಲಾಗಿಲ್ಲ. ವಾರ್ತೆ ನಿಜ. ಅದನ್ನು ಕೇಳುತ್ತ ಕುಳಿತಿರುವಾಗ ಸೊಂಟದಿಂದ ಹಿಮ್ಮಡಿಯವರೆಗೆ ಎಳೆಯುತ್ತಿರುವ ಸೆಳೆತವೂ ನಿಜ. ಈ ಎರಡು ನಿಜಗಳು ಒಂದೇ ದೇಹದಲ್ಲಿ ಒಟ್ಟಿಗೆ ಇರಬಲ್ಲವು ಎಂದು ಒಪ್ಪಿಕೊಳ್ಳಲು ಆಸ್ಪತ್ರೆಗೂ ಕಚೇರಿಗೂ ಕೆಲವೊಮ್ಮೆ ಮನೆಯವರಿಗೂ ಇಷ್ಟೊಂದು ಕಷ್ಟವೇಕೆ?

ಮೊದಲು ಆ ಲೋಹದ ಕೆಲಸವೇನೆಂದು ತಿಳಿಯಬೇಕು. ಜಾರಿದ ಅಥವಾ ಅಲುಗಾಡುವ ಕಶೇರುಗಳನ್ನು ತಿರುಪು, ಸರಳುಗಳು ಅಲ್ಲಾಡದಂತೆ ಹಿಡಿದಿಡುತ್ತವೆ. ನಡುವೆ ಇಟ್ಟ ಮೂಳೆಯ ಚೂರುಗಳು ತಿಂಗಳುಗಟ್ಟಲೆ ಬೆಳೆದು ಎರಡು ಕಶೇರುಗಳನ್ನು ಒಂದಾಗಿಸುತ್ತವೆ. ಮನೆ ಕಟ್ಟುವವರು ತಾರಸಿಗೆ ಕೊಡುವ ಆಸರೆಯಂತೆ ಲೋಹವು ಗಾರೆ ಗಟ್ಟಿಯಾಗುವವರೆಗಿನ ಊರುಗೋಲು. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ವರ್ಷಗಟ್ಟಲೆ ಅದುಮಿಸಿಕೊಂಡ ನರವು ಬಿಡುಗಡೆಯಾದ ಮಾತ್ರಕ್ಕೆ ಚೇತರಿಸಿಕೊಳ್ಳಲೇಬೇಕೆಂದಿಲ್ಲ. ಗಾಯ ಮಾಯುವಾಗ ನರದ ಸುತ್ತ ಕಲೆಯ ಅಂಗಾಂಶ ಬೆಳೆಯಬಹುದು. ಬೆಸೆದ ಕಶೇರುಗಳು ಬಾಗಲಾರವಾದ್ದರಿಂದ ಅವುಗಳ ಮೇಲಿನ, ಕೆಳಗಿನ ಕೀಲುಗಳು ಹೆಚ್ಚಿನ ಭಾರ ಹೊರುತ್ತವೆ. ಬಹುಕಾಲ ನೋವಿನ ಸುದ್ದಿಯನ್ನೇ ಸಾಗಿಸಿದ ನರವ್ಯೂಹವು ಸಣ್ಣ ಸ್ಪರ್ಶಕ್ಕೂ ಕೂಗಿಕೊಳ್ಳುವ ಅಭ್ಯಾಸವನ್ನು ಕಲಿತುಬಿಟ್ಟಿರುತ್ತದೆ. ಇವುಗಳಲ್ಲಿ ಹೆಚ್ಚಿನವು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅಲ್ಲಿ ಎದ್ದು ಕಾಣುವುದು ಲೋಹ. ಲೋಹ ಸರಿಯಿದೆ, ಆದ್ದರಿಂದ ನೋವಿಲ್ಲ ಎಂಬ ತರ್ಕವು ಬೀಗ ಭದ್ರವಾಗಿದೆ, ಆದ್ದರಿಂದ ಮನೆಯೊಳಗೆ ಯಾರೂ ಅಳುತ್ತಿಲ್ಲ ಎಂದಂತೆ.

ನಾವು ವಿರಳರೂ ಅಲ್ಲ. ಸೊಂಟದ ಶಸ್ತ್ರಚಿಕಿತ್ಸೆಯ ನಂತರವೂ ನೋವು ಉಳಿಯುವವರ ಪ್ರಮಾಣ ಶೇಕಡಾ 10ರಿಂದ 40 ಎಂದು ವೈದ್ಯಕೀಯ ಬರಹಗಳು ಸಾಮಾನ್ಯವಾಗಿ ಹೇಳುತ್ತವೆ. ಈ ಸ್ಥಿತಿಗೆ ದಶಕಗಳ ಕಾಲ ಚಲಾವಣೆಯಲ್ಲಿದ್ದ ಹೆಸರು ‘ಫೇಲ್ಡ್ ಬ್ಯಾಕ್ ಸರ್ಜರಿ ಸಿಂಡ್ರೋಮ್’. ಹೆಸರಿನಲ್ಲೇ ಒಬ್ಬ ಆರೋಪಿಯಿದ್ದಾನೆ: ಸೋತದ್ದು ವೈದ್ಯರೋ ರೋಗಿಯೋ? ವೈದ್ಯರು ಆ ಪಟ್ಟವನ್ನು ಒಪ್ಪಿಕೊಳ್ಳಲಾರರು; ಹಾಗಾಗಿ ಅದು ಸದ್ದಿಲ್ಲದೆ ರೋಗಿಯ ತಲೆಗೆ ಬರುತ್ತದೆ. ವ್ಯಾಯಾಮ ಮಾಡಲಿಲ್ಲ, ತೂಕ ಇಳಿಸಲಿಲ್ಲ, ಮನಸ್ಸು ಗಟ್ಟಿ ಮಾಡಲಿಲ್ಲ. 2021ರಲ್ಲಿ ಕೆಲವು ತಜ್ಞರು ಈ ಹೆಸರನ್ನು ಕೈಬಿಟ್ಟು, ‘ಉಳಿದುಕೊಂಡ ಬೆನ್ನುಮೂಳೆಯ ನೋವು’ ಎಂಬರ್ಥದ ಹೆಸರನ್ನು ಸೂಚಿಸಿದರು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಂತೂ ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ಮೀರಿ ಉಳಿಯುವ ನೋವಿಗೆ ಅದರದೇ ಸ್ಥಾನವನ್ನು ಕೊಟ್ಟಿದೆ. ಇದು ಕೇವಲ ಶಬ್ದದ ಕಸರತ್ತಲ್ಲ. ಹೆಸರಿಲ್ಲದ ನೋವಿಗೆ ರಜೆ ಸಿಗುವುದಿಲ್ಲ.

ಶಬ್ದದ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲೋಣ. ವರ್ಜೀನಿಯಾ ವುಲ್ಫ್ 1926ರ ತನ್ನ ಪ್ರಬಂಧವೊಂದರಲ್ಲಿ, ಇಂಗ್ಲಿಷಿನಂಥ ಸಿರಿವಂತ ಭಾಷೆಗೂ ತಲೆನೋವನ್ನು ಹೇಳಿಕೊಳ್ಳಲು ಮಾತಿಲ್ಲ ಎಂದು ದೂರಿದ್ದಳು. ಅರ್ಧ ಶತಮಾನದ ನಂತರ, 1975ರಲ್ಲಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜ್ಯಾಕ್ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪುಗಳಾಗಿ ಜೋಡಿಸಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದ. ಸಾಹಿತ್ಯದ ವಿದ್ಯಾರ್ಥಿಗಳಾಗಿ ನಮಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ: ವಿಶೇಷಣಗಳೂ ಚಿಕಿತ್ಸೆಯ ಉಪಕರಣಗಳಾದವು! ಕನ್ನಡದ ಕಣಜವನ್ನು ತೆರೆದರೆ ಏನೇನಿಲ್ಲ? ಚಳುಕು, ಉಳುಕು, ಸೆಳೆತ, ಹಿಡಿತ, ಇರಿತ, ಮಿಡಿತ, ಉರಿ, ಜೋಮು. ಮರಗಟ್ಟುವುದು, ಜುಮ್ಮೆನ್ನುವುದು, ಕೊರೆಯುವುದು, ಹಿಂಡುವುದು. ಧಾರವಾಡದ ಕಡೆಯ ಗೆಳೆಯರು ‘ಬ್ಯಾನಿ’ ಎಂದಾಗ ಅದರಲ್ಲಿ ದೇಹದ ನೋವಿನ ಜೊತೆಗೆ ದಣಿವೂ ಸೇರಿಕೊಂಡಿರುತ್ತದೆ. ಉರಿ, ಜೋಮು, ವಿದ್ಯುತ್ ಹೊಡೆದಂಥ ಚಳುಕು ಎಂದರೆ ನರದ ನೋವಿನ ಸುಳಿವು. ಹಿಡಿತ, ಉಳುಕು ಎಂದರೆ ಸ್ನಾಯುವಿನತ್ತ ಬೆರಳು. ಎರಡಕ್ಕೂ ಮದ್ದು ಬೇರೆ ಬೇರೆ. ನರದ ನೋವಿಗೆ ಸಾಮಾನ್ಯ ನೋವಿನ ಮಾತ್ರೆಗಳು ಅಷ್ಟಾಗಿ ದಕ್ಕುವುದಿಲ್ಲ.

ದೆಹಲಿಯ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತ ಕನ್ನಡಿಗರ ಬಾಯಿಗೆ ಈ ಪದಗಳು ಬಂದರೂ ಪ್ರಯೋಜನವಿಲ್ಲ. ‘ದರ್ದ್’ ಎಂಬ ಒಂದೇ ಶಬ್ದದಲ್ಲಿ ಎಲ್ಲವನ್ನೂ ಸುರಿದು ಬರುತ್ತೇವೆ. ಹಿಂದಿಯಲ್ಲಿ ಪದಗಳಿಲ್ಲವೆಂದಲ್ಲ, ಜಲನ್, ಚುಭನ್, ಝುನ್‌ಝುನಿ ಎಲ್ಲವೂ ಇವೆ. ಆದರೆ ನೋವಿನ ಮಾತನ್ನು ನಾವು ಕಲಿತದ್ದು ಬಿದ್ದು ಮೊಣಕಾಲು ತರಚಿಕೊಂಡ ಕಾಲದಲ್ಲಿ, ಅಮ್ಮನಿಂದ. ಇಪ್ಪತ್ತು ವರ್ಷಗಳ ಕಡತದ ಹಿಂದಿ ಅಲ್ಲಿಗೆ ಇಳಿಯುವುದಿಲ್ಲ. ವೈದ್ಯರಿಗೂ ಸಮಯವಿಲ್ಲ, ಹತ್ತಕ್ಕೆ ಎಷ್ಟು ಎಂದು ಕೇಳುತ್ತಾರೆ, ಆರು ಎನ್ನುತ್ತೇವೆ. ಆ ಆರರಲ್ಲಿ ಉರಿಯೆಷ್ಟು, ಹಿಡಿತವೆಷ್ಟು ಎಂದು ಯಾರು ಬಲ್ಲರು? ಪ್ರತಿ ಮಹಾನಗರದಲ್ಲಿಯೂ ಪದಕೋಶ ಬಿಡುಗಡೆ, ಕವಿಗೋಷ್ಠಿ ನಡೆಸುವ ನಮ್ಮ ಕನ್ನಡ ಸಂಘಗಳು ನೋವಿನ ಕನ್ನಡ ಪದಗಳಿಗೆ ಸ್ಥಳೀಯ ಭಾಷೆಯ ಸಮಾನಪದಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಿದರೆ ಅದು ಯಾವ ಅಭಿನಂದನ ಗ್ರಂಥಕ್ಕಿಂತಲೂ ಕಡಿಮೆಯ ಸೇವೆಯಲ್ಲ.

ಕಚೇರಿಯ ಕಥೆ ಇನ್ನೂ ಸರಳ. ವೈದ್ಯಕೀಯ ರಜೆಯಿಂದ ಮರಳುವ ಸರ್ಕಾರಿ ನೌಕರರು ಫಿಟ್‌ನೆಸ್ ಪ್ರಮಾಣಪತ್ರ ತರಬೇಕು. ಅದರ ಲೆಕ್ಕದಲ್ಲಿ ಮನುಷ್ಯರು ಎರಡೇ ಬಗೆ, ಸಮರ್ಥರು ಅಥವಾ ಅಸಮರ್ಥರು. ನಲವತ್ತು ನಿಮಿಷ ಕುಳಿತ ಮೇಲೆ ಐದು ನಿಮಿಷ ನಿಲ್ಲಲೇಬೇಕಾದವರು ಯಾವ ಬಗೆ? 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ; ದೀರ್ಘಕಾಲದ ನೋವು ಅವುಗಳಲ್ಲೊಂದಲ್ಲ. ಮೀಸಲಾತಿಯನ್ನು ನಾವು ಬೇಡುತ್ತಿಲ್ಲ. ಎತ್ತರಿಸಬಲ್ಲ ಒಂದು ಮೇಜು, ದೀರ್ಘ ಸಭೆಯ ನಡುವೆ ಎದ್ದು ನಿಂತರೆ ಹುಬ್ಬೇರಿಸದ ಒಬ್ಬ ಅಧಿಕಾರಿ, ಇಷ್ಟು ಸಾಕು. ನಮ್ಮ ಬಳಗದ ಸಭೆಗಳಿಗೂ ಈ ಮಾತು ಅನ್ವಯಿಸುತ್ತದೆ. ಹಿಂದಿನ ಗೋಡೆಗೆ ಒರಗಿ ನಿಂತವರನ್ನು ಕಂಡು, ಭಾಷಣ ಬೇಸರವಾಗಿದೆ ಎಂದು ತಿಳಿಯಬಾರದು. (ಕೆಲವೊಮ್ಮೆ ಅದೂ ಇರಬಹುದು.)

ನೋಡಲು ಬಂದ ಕನ್ನಡ ಬಂಧುಗಳು ತಪ್ಪದೆ ಅಕ್ಕಮಹಾದೇವಿಯ ವಚನವೊಂದನ್ನು ಹೇಳಿ ಎದ್ದುಹೋಗುತ್ತಾರೆ. ಯಾವ ವಚನವೆಂದು ಓದುಗರು ಊಹಿಸಬಲ್ಲರು. ನೋಯದವರಿಗೆ ಅದು ತಿಳಿಯದು ಎಂದು ಅಕ್ಕ ಹೇಳಿದ್ದು ದೂರಿನ ದನಿಯಲ್ಲಿ. ನಾವದನ್ನು ರಿಯಾಯಿತಿ ಚೀಟಿಯಾಗಿ ಬಳಸುತ್ತಿದ್ದೇವೆ. ತಿಳಿಯದು ಎಂದರೆ ಕೇಳಬಾರದು ಎಂದೇ?

ಎಲ್ಲಕ್ಕಿಂತ ಮುಖ್ಯವಾಗಿ, ಮಾತು ನಡೆಯಬೇಕಾದದ್ದು ಶಸ್ತ್ರಚಿಕಿತ್ಸೆಗೆ ಮೊದಲು. ನರವನ್ನು ಬಿಡಿಸಿದಾಗ ಕಾಲಿನ ನೋವು ಇಳಿಯುವ ಸಂಭವವು ಸೊಂಟದ ನೋವು ಇಳಿಯುವ ಸಂಭವಕ್ಕಿಂತ ಹೆಚ್ಚು ಎಂಬುದು ಶಸ್ತ್ರವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ರೋಗಿಗೆ ಮಾತ್ರ ‘ಮೊದಲಿನಂತೆ ಆಗುತ್ತೀರಿ’ ಎಂಬ ಮಾತು ಸಿಗುತ್ತದೆ. ಶಸ್ತ್ರಚಿಕಿತ್ಸೆಯಿಂದ ನಮ್ಮಲ್ಲಿ ಅನೇಕರು ಮತ್ತೆ ನಡೆದಿದ್ದೇವೆ. ಅದರ ಋಣವನ್ನು ಅಲ್ಲಗಳೆಯುತ್ತಿಲ್ಲ. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ನಮ್ಮ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ದು ಮೂರು ಪ್ರಶ್ನೆಗಳನ್ನು ಕೇಳಿರಿ: ಯಾವ ನೋವು ಹೋಗುತ್ತದೆ, ಯಾವುದು ಉಳಿಯಬಹುದು, ಉಳಿದರೆ ನಿಮ್ಮ ಆಸ್ಪತ್ರೆಯಲ್ಲಿ ಅದನ್ನು ನೋಡುವವರು ಯಾರು? ಮೂರನೆಯ ಪ್ರಶ್ನೆಗೆ ಉತ್ತರ ಬರುವವರೆಗೆ ಪೆನ್ನನ್ನು ಜೇಬಿನಿಂದ ತೆಗೆಯಬೇಡಿ.