ಗಿಡದ್ದೇ ಮದ್ದು, ಗಿಡದ್ದೇ ವಿಷ

“ಗಿಡದ ಔಷಧ ತಾನೇ ಡಾಕ್ಟ್ರೇ, ಅಪಾಯವೇನಿಲ್ಲ.” ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ರೋಗಿಗಳಿಂದ ನಾನು ಪದೇ ಪದೇ ಕೇಳುವ ಮಾತಿದು. ಇದನ್ನು ನಾನು ಒಪ್ಪುವುದಿಲ್ಲ.

ಒಮ್ಮೆ ದಮ್ಮಿನ ಕಾಯಿಲೆಯ ಅಜ್ಜನೊಬ್ಬರನ್ನು ಮನೆಯವರು ಹೊತ್ತು ತಂದರು. ಬಾಯಿ ಒಣಗಿತ್ತು, ಮುಖ ಕೆಂಪೇರಿತ್ತು, ಮೈ ಸುಡುತ್ತಿತ್ತು, ಕಣ್ಣಿನ ಪಾಪೆ ಅಗಲವಾಗಿತ್ತು. ಗಾಳಿಯಲ್ಲಿ ಇಲ್ಲದ ನೂಲನ್ನು ಹೆಕ್ಕುತ್ತಿದ್ದರು. ಮೈಮೇಲೆ ಏನೋ ಬಂದಿದೆಯೆಂದು ಮನೆಯವರು ಅರ್ಧ ದಿನ ಕಳೆದಿದ್ದರು. ಮೂರನೇ ಸಲ ಕೇಳಿದಾಗ ಸೊಸೆ ಬಾಯಿಬಿಟ್ಟಳು: ಮದಗುಣಿಕೆ ಎಲೆಯ ರಸ ಕುಡಿಸಿದ್ದರು. ಅಜ್ಜ ಬದುಕಿಕೊಂಡರು.

ತಿಪ್ಪೆಯ ಬಳಿ, ರಸ್ತೆ ಬದಿಯಲ್ಲಿ ಬೆಳೆಯುವ, ಶಿವಪೂಜೆಗೆ ಹೂ ಕೊಡುವ ದತ್ತೂರಿಯೇ ಈ ಮದಗುಣಿಕೆ. ದನ, ಹುಳುಗಳಿಂದ ಓಡಿ ಪಾರಾಗಲು ಗಿಡಕ್ಕೆ ಕಾಲಿಲ್ಲ. ಆದ್ದರಿಂದ ಅಮೈನೋ ಆಮ್ಲಗಳಿಂದ ಆಲ್ಕಲಾಯ್ಡ್ ಎಂಬ ಕಹಿ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ದತ್ತೂರಿಯಲ್ಲಿ ಈ ಅಡುಗೆ ನಡೆಯುವುದು ಬೇರಿನಲ್ಲಿ. ಅಲ್ಲಿಂದ ನೀರಿನ ಜೊತೆ ಮೇಲೇರಿ ಎಲೆ, ಹೂ, ಬೀಜಗಳಲ್ಲಿ ಶೇಖರವಾಗುತ್ತದೆ. ದತ್ತೂರಿಯ ಬುಡಕ್ಕೆ ಟೊಮೆಟೊ ಕಸಿ ಕಟ್ಟಿದರೆ ಟೊಮೆಟೊ ಗಿಡಕ್ಕೂ ಈ ವಿಷ ಏರುತ್ತದೆ! ತಂಬಾಕಿನ ನಿಕೋಟಿನ್ ತಯಾರಾಗುವುದೂ ಬೇರಿನಲ್ಲೇ.

ಗಿಡದ ವಯಸ್ಸು, ಮಣ್ಣು, ಹವೆಗೆ ತಕ್ಕಂತೆ ವಿಷದ ಪ್ರಮಾಣ ಬದಲಾಗುತ್ತದೆ. ಹೋದ ವರ್ಷ ಹಿತವೆನಿಸಿದ ಎರಡು ಎಲೆ ಈ ವರ್ಷ ಪ್ರಾಣಕ್ಕೆ ಎರವಾಗಬಹುದು.

ಹಾಗೆಂದು ನಮ್ಮ ಹಿರಿಯರು ದಡ್ಡರಲ್ಲ. ದತ್ತೂರಿ ಶ್ವಾಸನಾಳವನ್ನು ಸಡಿಲಿಸುವುದು ನಿಜ. ಇಂದು ದಮ್ಮಿಗೆ ಮೂಗು-ಬಾಯಿಯ ಮೂಲಕ ಕೊಡುವ ಇಪ್ರಾಟ್ರೋಪಿಯಂ ಇದೇ ಗಿಡದಲ್ಲಿ ಸಿಗುವ ಅಟ್ರೋಪಿನ್‌ನಿಂದ ರೂಪುಗೊಂಡದ್ದು. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫರಸ್ ಕೀಟನಾಶಕ ಮೈಗೇರಿದ ರೈತನನ್ನು ಉಳಿಸಲು ನಾವು ಚುಚ್ಚುವುದೂ ಅಟ್ರೋಪಿನ್ನೇ. ವ್ಯತ್ಯಾಸವಿಷ್ಟೇ: ಇಂಜೆಕ್ಷನ್ ಸೀಸೆಯ ಮೇಲೆ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ, ಎಲೆಯ ಮೇಲೆ ಬರೆದಿರುವುದಿಲ್ಲ.

ದತ್ತೂರಿಯ ರಸ, ಬೀಜ, ಹೊಗೆ ಯಾವುದನ್ನೂ ಮನೆಮದ್ದಾಗಿ ಬಳಸಬೇಡಿ. ಅದರ ಮುಳ್ಳುಕಾಯಿಯನ್ನು ಮಕ್ಕಳಿಗೆ ತೋರಿಸಿ ಎಚ್ಚರಿಸಿ. ಯಾರಾದರೂ ತಿಂದಿದ್ದರೆ ವಾಂತಿ ಮಾಡಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಗಿಡದ ತುಂಡೊಂದನ್ನೂ ತನ್ನಿ.

ಮುಖ್ಯವಾಗಿ, ಏನು ಕೊಟ್ಟಿರಿ ಎಂಬುದನ್ನು ಮುಚ್ಚಿಡಬೇಡಿ. ಸೊಸೆ ಮೊದಲೆರಡು ಸಲ ಸುಮ್ಮನಿದ್ದದ್ದು ನಾನು ಬೈದೇನೆಂಬ ಹೆದರಿಕೆಯಿಂದ. ಆ ಹೆದರಿಕೆ ಹುಟ್ಟಿಸಿದವರು ವೈದ್ಯರಾದ ನಾವೇ. ಬೈಯುವುದನ್ನು ನಾವು ಬಿಡೋಣ, ಮುಚ್ಚಿಡುವುದನ್ನು ನೀವು ಬಿಡಿ.