ಗುತ್ತಿಗೆ ನೆಲದ ಮೇಲಣ ಫ್ಲ್ಯಾಟು: ಕೊಂಡದ್ದೇನು?

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ನಮ್ಮ ಜಿಲ್ಲೆಯ ಉದ್ಯಮಿಗಳಿಗೆ ಗುತ್ತಿಗೆಯೆಂಬ ಮಾತು ಹೊಸದಲ್ಲ. ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಗುತ್ತಿಗೆ ಮತ್ತು ಮಾರಾಟದ ಕರಾರಿನಡಿ ನಿವೇಶನ ಪಡೆದವರು, ಷರತ್ತುಗಳನ್ನು ಪೂರೈಸಿ ಶುದ್ಧ ಕ್ರಯಪತ್ರ ಕೈಸೇರುವವರೆಗೆ ತಾವು ಒಡೆಯರಲ್ಲವೆಂಬುದನ್ನು ಚೆನ್ನಾಗಿ ಬಲ್ಲರು. ಕಾರ್ಖಾನೆಯ ನೆಲದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವವರೇ, ಬೆಂಗಳೂರಿನಲ್ಲೋ ದೂರದ ನೋಯ್ಡಾದಲ್ಲೋ ಉದ್ಯೋಗದಲ್ಲಿರುವ ಮಕ್ಕಳಿಗಾಗಿ ಫ್ಲ್ಯಾಟು ಕೊಳ್ಳುವಾಗ ಕಟ್ಟಡದ ಕೆಳಗಿನ ನೆಲ ಯಾರದೆಂದು ವಿಚಾರಿಸದಿರುವುದು ಸೋಜಿಗವೇ ಸರಿ.

ಈ ಗೊಂದಲಕ್ಕೆ ನಮ್ಮ ಆಡುಮಾತೂ ಕಾರಣವಿದ್ದೀತು. ನಮ್ಮ ಪೇಟೆಗಳಲ್ಲಿ ಮನೆಯನ್ನು ಲೀಸಿಗೆ ಹಾಕಿಕೊಂಡೆವೆಂದರೆ ಭೋಗ್ಯವೆಂದೇ ಅರ್ಥ. ಇಡುಗಂಟು ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಗಂಟನ್ನು ಹಿಂಪಡೆಯುವುದು. ಗುತ್ತಿಗೆ ನೆಲದ ಫ್ಲ್ಯಾಟಿಗೆ ಕೊಟ್ಟ ಹಣ ಅವಧಿಯ ಕೊನೆಗೆ ಮರಳದು. ಹಳ್ಳಿಯ ನೆನಪು ಬೇರೆ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಹೊಲದೊಡೆಯರಾದುದನ್ನು ಕಂಡ ಮನೆತನಗಳಲ್ಲಿ, ಬಹುಕಾಲ ಅನುಭವಿಸಿದ ಸ್ವತ್ತು ಹೇಗೂ ನಮ್ಮದಾದೀತೆಂಬ ನಂಬಿಕೆ ಉಳಿದುಕೊಂಡಿದೆ. ಆ ಕಾಯಿದೆ ಕೃಷಿಭೂಮಿಗೆ ಸಂಬಂಧಿಸಿದ್ದು; ನಾಲ್ಕನೆಯ ಮಹಡಿಯ ಫ್ಲ್ಯಾಟಿಗೆ ಅದು ನೆರವಾಗದು.

1882ರ ಸ್ವತ್ತು ವರ್ಗಾವಣೆ ಕಾಯಿದೆಯು 54ನೆಯ ಪ್ರಕರಣದಲ್ಲಿ ಕ್ರಯವನ್ನು ಒಡೆತನದ ವರ್ಗಾವಣೆಯೆಂದೂ, 105ನೆಯ ಪ್ರಕರಣದಲ್ಲಿ ಗುತ್ತಿಗೆಯನ್ನು ಅನುಭೋಗದ ಹಕ್ಕಿನ ವರ್ಗಾವಣೆಯೆಂದೂ ಸ್ಪಷ್ಟವಾಗಿ ಬೇರ್ಪಡಿಸಿದೆ. ನೋಯ್ಡಾದಲ್ಲಿ ಅಲ್ಲಿನ ಪ್ರಾಧಿಕಾರವು ವಸತಿ ಭೂಮಿಯನ್ನು ಸಾಮಾನ್ಯವಾಗಿ 90 ವರ್ಷಗಳ ಗುತ್ತಿಗೆಗೆ ನೀಡುತ್ತದೆ. ಅವಧಿಯ ಎಣಿಕೆ ಮೂಲ ಗುತ್ತಿಗೆಯ ದಿನದಿಂದ, ತಾವು ಕೊಂಡ ದಿನದಿಂದಲ್ಲ. 1985ರಲ್ಲಿ ಆರಂಭವಾದ 90 ವರ್ಷಗಳ ಗುತ್ತಿಗೆ 2075ಕ್ಕೆ ಮುಗಿಯುತ್ತದೆ. 2025ರಲ್ಲಿ ಕೊಂಡವರಿಗೆ ದೊರೆತದ್ದು 50 ವರ್ಷ ಮಾತ್ರ. ಗೂಡು ಕೊಳ್ಳಲು ರಾಮನಗರದ ರೀಲರಾಗಲಿ, ಮರ, ಅರಗು ಕೊಳ್ಳಲು ಚನ್ನಪಟ್ಟಣದ ಗೊಂಬೆ ತಯಾರಕರಾಗಲಿ ಮನೆಯನ್ನೇ ಆಧಾರವಾಗಿಟ್ಟು ಬ್ಯಾಂಕಿನ ಮೆಟ್ಟಿಲು ಹತ್ತುವವರು. ಉಳಿದ ಅವಧಿ ಎಷ್ಟು, ನೆಲದೊಡೆಯರ ಒಪ್ಪಿಗೆ ಇದೆಯೇ ಎಂದು ಬ್ಯಾಂಕು ಕೇಳಿಯೇ ಕೇಳುತ್ತದೆ. ವರ್ಷ ಕಳೆದಂತೆ ಆಧಾರವೂ ಕರಗುತ್ತದೆ. ದಾಸ್ತಾನಿನ ಸವಕಳಿಯನ್ನು ಲೆಕ್ಕ ಹಾಕುವ ವರ್ತಕರು ಇದನ್ನೇಕೆ ಲೆಕ್ಕ ಹಾಕಬಾರದು?

ನೆಲ ಸ್ವಂತದ್ದಾದರೂ ಫ್ಲ್ಯಾಟಿನ ಒಡೆತನ ಮಾಗಡಿಯ ಹಿತ್ತಲ ಮನೆಯ ಒಡೆತನದಂತಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯಡಿ ಫ್ಲ್ಯಾಟು ಪ್ರತ್ಯೇಕ ಸ್ವತ್ತು, ನೆಲದಲ್ಲಿರುವುದು ಅವಿಭಜಿತ ಪಾಲು. 20,000 ಚದರಡಿ ನಿವೇಶನದಲ್ಲಿ ಸಮಾನ ಅಳತೆಯ 40 ಫ್ಲ್ಯಾಟುಗಳಿದ್ದರೆ ಪಾಲು ತಲಾ 500 ಚದರಡಿ. ಅದಕ್ಕೆ ಬೇಲಿ ಹಾಕಲಾಗದು. ಆದರೂ ಆ ಪಾಲಿಗೆ ಕೊನೆಯ ದಿನಾಂಕವಿಲ್ಲ, ಗುತ್ತಿಗೆಗೆ ಇದೆ.

2016ರ ರೇರಾ ಕಾಯಿದೆಯು ಗುತ್ತಿಗೆ ನೆಲದ ಯೋಜನೆಗಳಲ್ಲಿ ಅವಧಿಯನ್ನು ನಮೂದಿಸಿ, ಬಾಕಿ ಇಲ್ಲವೆಂದು ದೃಢೀಕರಿಸುವ ಗುತ್ತಿಗೆ ಪ್ರಮಾಣಪತ್ರವನ್ನು ನಿರ್ಮಾಪಕರು ಪಡೆಯಬೇಕೆಂದು 11ನೆಯ ಪ್ರಕರಣದಲ್ಲಿ ವಿಧಿಸಿದೆ. ಸ್ವಾಗತಾರ್ಹವೇ. ಆದರೆ ಆ ಪತ್ರ ಸಲ್ಲಬೇಕಾದುದು ಹಂಚಿಕೆದಾರರ ಸಂಘಕ್ಕೆ, ಅರ್ಥಾತ್ ಕೊಂಡಾದ ಮೇಲೆ! ಅದೇ ಕಾಯಿದೆಯ 13ನೆಯ ಪ್ರಕರಣದಂತೆ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಆ ಮುಂಗಡಕ್ಕೂ ಮೊದಲೇ ಗುತ್ತಿಗೆಪತ್ರ ಕೊಳ್ಳುವವರ ಕೈಗೆ ಬರಬೇಕು, ಜಾಹೀರಾತಿನಲ್ಲಿ ಬೆಲೆಯಷ್ಟೇ ದಪ್ಪ ಅಕ್ಷರಗಳಲ್ಲಿ ಉಳಿದ ವರ್ಷಗಳೂ ಮುದ್ರಿತವಾಗಬೇಕು ಎಂಬುದು ನಮ್ಮ ಅಭಿಮತ. ಕನಕಪುರ, ಮಾಗಡಿ ಸೇರಿದಂತೆ ಜಿಲ್ಲೆಯ ವರ್ತಕ ಬಾಂಧವರೆಲ್ಲ ಸಹಿ ಮಾಡಿ ಈ ಬೇಡಿಕೆಯನ್ನು ರಾಜ್ಯದ ರೇರಾ ಪ್ರಾಧಿಕಾರದ ಮುಂದಿಡುವುದು ಉಚಿತ. ಅಲ್ಲಿಯವರೆಗೆ, ಪತ್ರ ತೋರಿಸದ ಮಾರಾಟಗಾರರಿಗೆ ಮುಂಗಡ ಕೊಡದಿರುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ.