ಹೃದಯದೊಳಗಿನ ಗೂಟ

ಗುಡೇಕೋಟೆಯ ಹೆಸರನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರಲಾರರು. ಕೂಡ್ಲಿಗಿ ತಾಲ್ಲೂಕಿನ ಬಂಡೆಗುಡ್ಡಗಳ ನಡುವೆ, ಪಾಳೆಯಗಾರರ ಹಳೆಯ ಕೋಟೆಯೊಂದನ್ನು ತಲೆಯ ಮೇಲೆ ಹೊತ್ತು ಕುಳಿತ ಊರು ಅದು. ಸುತ್ತಣ ಕುರುಚಲು ಕಾಡು ಈಗ ಕರಡಿಗಳ ಆಶ್ರಯಧಾಮ. ಊರನ್ನು ಅರಿಯದಿದ್ದರೂ ಆ ಊರಿನ ಮಗಳನ್ನು ಅರಿಯದ ಕನ್ನಡಿಗರಿಲ್ಲ. ಚಿತ್ರದುರ್ಗದ ಒನಕೆ ಓಬವ್ವನ ತವರು ಗುಡೇಕೋಟೆಯೆಂದು ಪ್ರತೀತಿ.

ಕಥೆ ಎಲ್ಲರಿಗೂ ಗೊತ್ತು. ಕಾವಲಿನ ಕಹಳೆಯವನು ಊಟಕ್ಕೆ ಕುಳಿತಿದ್ದಾನೆ. ನೀರಿಗೆಂದು ಕೊಡ ಹಿಡಿದು ಹೋದ ಹೆಂಡತಿಗೆ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿರುವುದು ಕಾಣಿಸುತ್ತದೆ. ಮುಂದಿನದು ಒನಕೆಯ ಕೆಲಸ. ಈ ಕಥೆಯಲ್ಲಿ ನಾವು ಓಬವ್ವನ ಧೈರ್ಯವನ್ನು ಕೊಂಡಾಡುತ್ತೇವೆ, ಆಕೆ ನಿಂತ ಜಾಗವನ್ನು ಮರೆಯುತ್ತೇವೆ. ಬಯಲಿನಲ್ಲಿ ಅದೇ ಒನಕೆ, ಅದೇ ತೋಳು ಏನು ಮಾಡೀತು? ಕಿಂಡಿಯ ಮಗ್ಗುಲಲ್ಲಿ ನಿಂತದ್ದರಿಂದ ಒಬ್ಬ ಹೆಂಗಸು ಒಂದು ದಂಡನ್ನೇ ತಡೆದಳು.

ಕನ್ನಡ ಪಾಠ ಹೇಳುವ ನನಗೆ ಈ ಸಂಗತಿ ಹೊಳೆದದ್ದು ವಿಜ್ಞಾನದ ಪುಸ್ತಕವೊಂದನ್ನು ಓದುವಾಗ. ಆ ಪುಸ್ತಕವನ್ನು ನಾನು ಕೈಗೆತ್ತಿಕೊಳ್ಳುವುದಕ್ಕೆ ಕಾರಣಳಾದವಳು ಗುಡೇಕೋಟೆಯ ಕಡೆಯ ಒಬ್ಬ ವಿದ್ಯಾರ್ಥಿನಿ. ಕಾಲೇಜಿನ ಆಟೋಟದ ದಿನ ನಾನೂರು ಮೀಟರ್ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ ಆ ಹುಡುಗಿ ಕೊನೆಯ ತಿರುವಿನಲ್ಲಿ ಕಡಿದ ಬಾಳೆಯಂತೆ ಬಿದ್ದಳು. ನಿಮಿಷದೊಳಗೆ ಕಣ್ಣು ಬಿಟ್ಟು ನಕ್ಕಳು. ಬಿಸಿಲು ಎಂದರು ಒಬ್ಬರು, ಬೆಳಗ್ಗೆ ಉಪವಾಸವಿದ್ದಳೆಂದರು ಮತ್ತೊಬ್ಬರು, ನಾನೂ ತಲೆಯಾಡಿಸಿದೆ. ಇದು ಮೂರನೆಯ ಸಲವೆಂದೂ ಪ್ರತಿಸಲವೂ ಓಡುವಾಗಲೇ ಬಿದ್ದಳೆಂದೂ ತಾಯಿ ಹೇಳಿದ ಮೇಲೆ, ವೈದ್ಯರೊಬ್ಬರು ಹೃದಯದ ವಿದ್ಯುತ್ ರೇಖೆಯನ್ನು, ಎಂದರೆ ಇ.ಸಿ.ಜಿ.ಯನ್ನು ತೆಗೆಸಿದರು. ರೇಖೆಯ ಒಂದು ಭಾಗ ಇರಬೇಕಾದುದಕ್ಕಿಂತ ಉದ್ದವಾಗಿತ್ತು. ‘ಲಾಂಗ್ ಕ್ಯೂ-ಟಿ’ ಎಂಬುದು ಆ ಬೇನೆಯ ಹೆಸರು. ಹುಟ್ಟಿನಿಂದಲೇ ಬರುವ ಈ ಬೇನೆಯಲ್ಲಿ ನೋಡುವುದಕ್ಕೆ ಗಟ್ಟಿಮುಟ್ಟಾದ ಮಕ್ಕಳು ಓಟದ ನಡುವೆ, ಈಜುವಾಗ ಎಚ್ಚರ ತಪ್ಪುತ್ತಾರೆ. ಕೆಲವರು ಮತ್ತೆ ಏಳುವುದಿಲ್ಲ.

ಓಡುವಾಗಲೇ ಏಕೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಓಡುವಾಗ, ಬೆದರಿದಾಗ ನಮ್ಮ ರಕ್ತದಲ್ಲಿ ಅಡ್ರಿನಲಿನ್ ಎಂಬ ರಸ ಹರಿಯುತ್ತದೆ. ಅದು ಜೀವಕೋಶದ ಹೊರಬಾಗಿಲನ್ನು ಮುಟ್ಟಿದರೆ ಸಾಕು, ಒಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಸಣ್ಣ ಅಣು ಹುಟ್ಟಿ ಸುದ್ದಿ ಸಾರುತ್ತದೆ. ಇದನ್ನು ೧೯೫೦ರ ದಶಕದಲ್ಲಿ ಕಂಡುಹಿಡಿದ ಅಮೆರಿಕದ ಅರ್ಲ್ ಸದರ್ಲೆಂಡರಿಗೆ ೧೯೭೧ರಲ್ಲಿ ನೊಬೆಲ್ ಬಹುಮಾನ ಬಂತು. ಆ ಕಹಳೆಯನ್ನು ಕೇಳಿ ಕೆಲಸಕ್ಕೆ ಇಳಿಯುವ ಆಳು ಒಂದು ಕೈನೇಸ್, ‘ಪ್ರೋಟೀನ್ ಕೈನೇಸ್ ಎ’. ೧೯೬೮ರಲ್ಲಿ ಎಡ್ವಿನ್ ಕ್ರೆಬ್ಸ್ ಮತ್ತು ಅವರ ಸಂಗಡಿಗರು ಇದನ್ನು ಬೇರ್ಪಡಿಸಿದರು. ಎದುರಿಗೆ ಸಿಕ್ಕ ಪ್ರೋಟೀನಿಗೆ ಒಂದು ಫಾಸ್ಫೇಟಿನ ಚೂರನ್ನು ಅಂಟಿಸುವುದಷ್ಟೇ ಈ ಆಳಿನ ಕೆಲಸ. ಆ ಚೂರು ಅಂಟಿದೊಡನೆ ಪ್ರೋಟೀನಿನ ನಡತೆಯೇ ಬದಲಾಗುತ್ತದೆ.

ಇಲ್ಲೊಂದು ಒಗಟು. ಹತ್ತಾರು ಬಗೆಯ ಸುದ್ದಿಗಳಿಗೆ ಕೋಶದೊಳಗೆ ಊದುವ ಕಹಳೆ ಒಂದೇ. ೧೯೭೯ರಲ್ಲಿ ಪ್ರಾಣಿಗಳ ಹೃದಯದ ಮೇಲೆ ನಡೆಸಿದ ಪ್ರಯೋಗದಲ್ಲಿ, ಬೇರೆಬೇರೆ ಎರಡು ವಸ್ತುಗಳು ಈ ಅಣುವನ್ನು ಹೆಚ್ಚಿಸಿದರೂ ಒಂದರಿಂದ ಮಾತ್ರ ಬಡಿತ ಬಲವಾಯಿತು, ಇನ್ನೊಂದರಿಂದ ಆಗಲಿಲ್ಲ. ದನಿ ಊರಿಗೆಲ್ಲ ಒಂದೇ ಆದರೆ ಒಂದು ಕೇರಿ ಏಳುವುದು, ಇನ್ನೊಂದು ಮಲಗಿರುವುದು ಹೇಗೆ?

ಉತ್ತರ ಮೆಲ್ಲಗೆ ಬಂತು. ೧೯೮೨ರಲ್ಲಿ ಮಿದುಳಿನ ಒಂದು ಪ್ರೋಟೀನಿಗೆ ಈ ಕೈನೇಸ್ ಕಚ್ಚಿಕೊಂಡಿರುವುದು ಕಂಡುಬಂತು. ಅನಂತರ ಜಾನ್ ಸ್ಕಾಟ್ ಮೊದಲಾದವರು ಅಂಥವನ್ನು ಒಂದೊಂದಾಗಿ ಹುಡುಕಿ ತೆಗೆದರು. ಈಗ ಸುಮಾರು ಐವತ್ತು ಗೊತ್ತಾಗಿವೆ. ಇಂಗ್ಲಿಷಿನವರು ಇವನ್ನು ‘ಲಂಗರು ಹಾಕುವ ಪ್ರೋಟೀನು’ ಎನ್ನುತ್ತಾರೆ. ಕಡಲು ಕಾಣದ ನಮ್ಮ ಬಯಲುಸೀಮೆಗೆ ಲಂಗರು ಏತಕ್ಕೆ? ಗೂಟವೆಂದರೆ ಸಾಕು. ಒಂದು ತುದಿ ಕೈನೇಸನ್ನು ಕಣ್ಣಿಯಂತೆ ಕಟ್ಟಿ ಹಿಡಿದಿರುತ್ತದೆ, ಇನ್ನೊಂದು ತುದಿ ಕೋಶದ ಗೊತ್ತಾದ ಜಾಗದಲ್ಲಿ ನೆಟ್ಟಿರುತ್ತದೆ. ಕಹಳೆ ಮೊಳಗಿದಾಗ ಆಳು ಊರೆಲ್ಲ ಅಲೆಯುವುದಿಲ್ಲ. ಕಟ್ಟಿದ ಕಡೆಯೇ ದುಡಿಯುತ್ತಾನೆ. ಕೆಲವು ಗೂಟಗಳಿಗೆ ಅಂಟಿಸುವವನ ಜೊತೆಗೆ, ಅಂಟಿಸಿದ್ದನ್ನು ಕಿತ್ತುಹಾಕುವ ಇನ್ನೊಬ್ಬನನ್ನೂ ಕಟ್ಟಿರುತ್ತಾರೆ! ಪ್ರಕೃತಿಯ ಈ ಮುಂದಾಲೋಚನೆ ನಮ್ಮ ಕಚೇರಿಗಳಲ್ಲಿ ಕಾಣಸಿಗದು.

ಹೃದಯದಲ್ಲಿ ಇಂಥ ಗೂಟವೊಂದಿದೆ; ಹೆಸರು ಯೋಟಿಯಾವೊ. ಚೀನೀಯರು ಬೆಳಗಿನ ಹೊತ್ತು ತಿನ್ನುವ, ಎಣ್ಣೆಯಲ್ಲಿ ಕರಿದ ಉದ್ದನೆಯ ತಿಂಡಿಯ ಹೆಸರನ್ನು ಈ ಉದ್ದನೆಯ ಪ್ರೋಟೀನಿಗೆ ಇಟ್ಟರು. ನಮ್ಮವರು ಕಂಡುಹಿಡಿದಿದ್ದರೆ ಮೆಣಸಿನಕಾಯಿ ಬಜ್ಜಿ ಎನ್ನುತ್ತಿದ್ದರೇನೋ. ಅದಿರಲಿ. ಪ್ರತಿ ಬಡಿತದ ಬಳಿಕ ಹೃದಯದ ಕೋಶ ತನ್ನ ವಿದ್ಯುತ್ತನ್ನು ಮೊದಲಿನ ಸ್ಥಿತಿಗೆ ತಂದುಕೊಳ್ಳಬೇಕು. ಪೊಟ್ಯಾಸಿಯಂ ಹೊರಹೋಗುವ ಬಾಗಿಲುಗಳು ತೆರೆಯುವುದರಿಂದ ಅದು ಸಾಧ್ಯವಾಗುತ್ತದೆ. ಓಡುವಾಗ ಬಡಿತಗಳು ಒತ್ತೊತ್ತಾಗಿ ಬರುವುದರಿಂದ ಈ ಚೇತರಿಕೆಯೂ ಚುರುಕಾಗಬೇಕು. ಯೋಟಿಯಾವೊ ಕೈನೇಸನ್ನು ಆ ಬಾಗಿಲಿಗೇ ತಂದು ಕಟ್ಟಿದೆ, ಓಬವ್ವ ಕಿಂಡಿಯ ಮಗ್ಗುಲಲ್ಲಿ ನಿಂತಂತೆ. ಅಡ್ರಿನಲಿನ್ ಬಂದೊಡನೆ ಬಾಗಿಲಿಗೆ ಫಾಸ್ಫೇಟ್ ಅಂಟುತ್ತದೆ, ಬಾಗಿಲು ಬೇಗ ತೆರೆಯುತ್ತದೆ. ಇದನ್ನು ವಿಜ್ಞಾನಿಗಳು ೨೦೦೨ರಲ್ಲಿ ತೋರಿಸಿದರು.

ಈಗ ಕಣ್ಣಿ ಕಳಚಿತೆನ್ನಿ. ಕೈನೇಸ್ ಇದೆ, ಬಾಗಿಲಿದೆ, ಕಹಳೆಯೂ ಮೊಳಗುತ್ತಿದೆ. ಆದರೆ ಬಾಗಿಲ ಬಳಿ ಯಾರೂ ಇಲ್ಲ. ಬಡಿತ ಏರುತ್ತದೆ, ಚೇತರಿಕೆ ಹಿಂದೆ ಬೀಳುತ್ತದೆ, ತಾಳ ತಪ್ಪುತ್ತದೆ. ಸುಮ್ಮನೆ ಕುಳಿತಾಗ ಬಯಲಾಗದ ಕೊರತೆ ಓಟದಲ್ಲಿ ಬಯಲಾಗುತ್ತದೆ. ಫಿನ್ಲೆಂಡ್ ದೇಶದ ಎಷ್ಟೋ ಕುಟುಂಬಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಇಳಿದುಬಂದ ದೋಷವೊಂದು ಇಂಥದೇ: ಬಾಗಿಲಿನ ಪ್ರೋಟೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಅದು ಗೂಟವನ್ನು ಹಿಡಿಯಲಾರದು. ಗೂಟದಲ್ಲಿಯೇ ದೋಷವಿರುವ ರೋಗಿಯನ್ನು ಕಂಡೆವೆಂದು ೨೦೦೭ರಲ್ಲಿ ಕೆಲವರು ಪ್ರಕಟಿಸಿದ್ದರು. ೨೦೨೦ರಲ್ಲಿ ತಜ್ಞರು ಎಲ್ಲವನ್ನೂ ಮರಳಿ ತೂಗಿ, ಆ ಮಾತಿಗೆ ಸಾಕ್ಷಿ ಸಾಲದೆಂದರು. ವಿಜ್ಞಾನದಲ್ಲಿ ನನಗೆ ಮೆಚ್ಚಿಗೆಯಾದ ಗುಣವೇ ಇದು. ನಮ್ಮ ಕಾವ್ಯವಿಮರ್ಶೆಯಲ್ಲಿ ಹೀಗೆ ಹಿಂದೆಗೆದುಕೊಂಡವರನ್ನು ನಾನು ಕಂಡಿಲ್ಲ.

ನಮ್ಮ ಹುಡುಗಿಯಲ್ಲಿ ಕಳಚಿರುವುದು ಯಾವ ಕಣ್ಣಿಯೋ ಹೇಳಲು ಬರುವುದಿಲ್ಲ. ಈ ಬೇನೆಗೆ ಕಾರಣಗಳು ಹಲವು, ವಂಶಪರೀಕ್ಷೆ ಇನ್ನೂ ಆಗಬೇಕಾಗಿದೆ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯಲಿಲ್ಲ. ಅಡ್ರಿನಲಿನ್ನಿನ ಕೂಗು ಹೃದಯಕ್ಕೆ ಮೆಲ್ಲಗೆ ಕೇಳಿಸುವಂತೆ ಮಾಡುವ ಮಾತ್ರೆಗಳನ್ನು ವೈದ್ಯರು ಬರೆದುಕೊಟ್ಟರು. ಒಂದು ದಿನವೂ ತಪ್ಪಿಸಬಾರದು, ಪಂದ್ಯದ ಓಟ ಬೇಡ, ಒಬ್ಬಳೇ ಕೆರೆಗೆ ಇಳಿಯಬಾರದು, ಬೇರೆ ಯಾವ ಔಷಧಿ ನುಂಗುವ ಮುನ್ನವೂ ಈ ಬೇನೆಯ ಹೆಸರು ಹೇಳಬೇಕು ಎಂದರು. ತಮ್ಮ ತಂಗಿಯರ ರೇಖೆಯನ್ನೂ ತೆಗೆಸಲು ಹೇಳಿದರು. ಹುಡುಗಿ ತಲೆ ತಗ್ಗಿಸಿ ತನ್ನ ಓಟದ ಬೂಟುಗಳನ್ನೇ ನೋಡುತ್ತಿದ್ದಳು.

ತಾಯಿ ಎಲ್ಲವನ್ನೂ ಕೇಳಿಸಿಕೊಂಡು, ಸೆರಗು ಸರಿಮಾಡಿಕೊಂಡು ಕೇಳಿದಳು: “ಓಡೋದು ಬ್ಯಾಡ, ಸರಿ ಸಾರ್. ಕೊಡ ಹೊತ್ತು ನೀರು ತರಬಹುದೇನ್ರಿ ಈಕಿ?”

“ತರಲಮ್ಮ,” ಎಂದರು ವೈದ್ಯರು. “ನಿಧಾನವಾಗಿ ನಡೆದು ತರಲಿ.”